ಬಾಂಬೆ ಟಾಕೀಸಿನ ‘ಸಾಮಾನ್ಯ ಮಂದಿ’ಯೊಳಗ ನಾವೆಲ್ಲಿ ಅದೀವಿ?



ಮೇ 3 ಬಂತಂದ್ರ ಸಾಕು, ಫೋನ್ ತುಂಬ ಭಾರತೀಯ ಸಿನಿಮಾದ ಹುಟ್ಟುಹಬ್ಬದ ಪೋಸ್ಟುಗಳು. 1913ರ ಮೇ 3ರಂದು ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಮುಂಬೈನ ಕಾರೊನೇಷನ್ ಥಿಯೇಟರಿನಲ್ಲಿ ತೆರೆ ಕಂಡಿತು. ಅದಕ್ಕೆ ನೂರು ವರ್ಷ ತುಂಬಿದ ದಿನವೇ, 2013ರ ಮೇ 3ಕ್ಕೆ, ‘ಬಾಂಬೆ ಟಾಕೀಸ್’ ಅನ್ನೋ ಹಿಂದಿ ಪಿಕ್ಚರ್ ಬಂತು. ಈ ಸಲ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಹುಡುಗರ ವಾಟ್ಸಾಪ್ ಗುಂಪಿನ್ಯಾಗ ಒಬ್ಬ ತಮ್ಮ ಅದರ ಮಾತು ತಗದು, “ಅಣ್ಣಾ, ಸಾಮಾನ್ಯ ಮಂದಿ ಬದುಕಿನ ಮ್ಯಾಲೆ ಸಿನಿಮಾ ಏನ್ ಪರಿಣಾಮ ಮಾಡ್ಯದ ಅಂತ ಭಾಳ ಚಂದ ತೋರಿಸ್ಯಾರ, ಒಮ್ಮೆ ನೋಡ್ರಿ” ಅಂತ ಬರದಿದ್ದ. ನೋಡಿದೆ. ಚಂದ ಅದ, ಸುಳ್ಳು ಹೇಳಂಗಿಲ್ಲ. ಆದ್ರ ನನಗೊಂದು ಪ್ರಶ್ನೆ ಅದ. ಆ ಸಾಮಾನ್ಯ ಮಂದಿಯೊಳಗ ನಾವೆಲ್ಲಿ ಅದೀವಿ?

ನೋಡದವರಿಗಾಗಿ ಎರಡು ಮಾತು. ನಾಲ್ಕು ನಿರ್ದೇಶಕರ ನಾಲ್ಕು ಸಣ್ಣ ಕಥೆ. ಕರಣ್ ಜೋಹರ್ ಕಥೆಯಲ್ಲಿ ಒಬ್ಬ ಗಂಡಸು ತಾನು ಗಂಡಸರನ್ನೇ ಇಷ್ಟಪಡುವವನೆಂಬ ಸತ್ಯ ಮುಚ್ಚಿಟ್ಟು ಸಂಸಾರ ಮಾಡಿರುತ್ತಾನೆ. ಹಳೆ ಹಿಂದಿ ಹಾಡುಗಳು ಅವನ ಒಳಗನ್ನು ಬಿಚ್ಚುತ್ತವೆ. ದಿಬಾಕರ್ ಬ್ಯಾನರ್ಜಿ ಸತ್ಯಜಿತ್ ರಾಯ್ ಅವರ ಕಥೆಯೊಂದನ್ನು ತಗೊಂಡು, ಸೋತ ನಟನೊಬ್ಬನಿಗೆ ಒಂದೇ ಕ್ಷಣದ ಪಾತ್ರ ಸಿಗುವುದನ್ನು ತೋರಿಸ್ತಾರ. ನವಾಜುದ್ದೀನ್ ಸಿದ್ದಿಕಿ ಅದರೊಳಗ ಬದುಕಿಬಿಟ್ಟಾರ. ಜೋಯಾ ಅಖ್ತರ್ ಕಥೆಯಲ್ಲಿ ಕತ್ರಿನಾ ಕೈಫ್ ಹಂಗ ಕುಣಿಯಬೇಕೆನ್ನುವ ಸಣ್ಣ ಹುಡುಗ. ಅನುರಾಗ್ ಕಶ್ಯಪ್ ಕಥೆಯಲ್ಲಿ ಅಲಹಾಬಾದಿನಿಂದ ಮುರಬ್ಬದ ಡಬ್ಬಿ ಹಿಡಕೊಂಡು ಬರುವ ಮಗ. ಅಮಿತಾಭ್ ಬಚ್ಚನ್ ಅದರಲ್ಲಿ ಅರ್ಧ ತಿನ್ನಬೇಕು, ಉಳಿದರ್ಧ ಹಾಸಿಗೆ ಹಿಡಿದ ಅಪ್ಪ ತಿನ್ನಬೇಕು.

ಇದರೊಳಗ ಮೆಚ್ಚುವುದು ಅದ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸೆಕ್ಷನ್ 377ಕ್ಕೆ ಮತ್ತೆ ಜೀವ ಕೊಟ್ಟಿತು. ಅದಕ್ಕೆ ಏಳು ತಿಂಗಳು ಮೊದಲೇ ದೊಡ್ಡ ಬ್ಯಾನರಿನ ಸಿನಿಮಾವೊಂದು ಆ ಕಥೆ ಹೇಳಿತ್ತು ಅನ್ನೋದು ಸಣ್ಣ ಮಾತಲ್ಲ. ಗಂಡು ಹುಡುಗ ಘಾಗ್ರಾ ತೊಟ್ಟು ಕುಣಿದ್ರ ತಪ್ಪೇನು ಅಂತ ಕೇಳೋದೂ ಸಣ್ಣದಲ್ಲ. ಆದ್ರ ನೂರು ವರ್ಷದ ಲೆಕ್ಕ ಒಪ್ಪಿಸೋ ಪಿಕ್ಚರಿನೊಳಗ ಜಾತಿ ಅನ್ನೋದು ಎಲ್ಲೂ ವಿಷಯವೇ ಅಲ್ಲ. ನಾಲ್ಕು ಕಥೆಯಲ್ಲಿ ಒಂದಕ್ಕೂ ಅದು ನೆನಪಾಗಲಿಲ್ಲ.

ಅದರ ಹೆಸರೇ ನೆನಪು ಮಾಡಿಕೊಡಬೇಕಿತ್ತು. ಬಾಂಬೆ ಟಾಕೀಸ್ ಅಂದ್ರ 1934ರಲ್ಲಿ ಹಿಮಾಂಶು ರಾಯ್, ದೇವಿಕಾ ರಾಣಿ ಕಟ್ಟಿದ ಸ್ಟುಡಿಯೊ. ಅದಕ್ಕೆ ದೊಡ್ಡ ಹೆಸರು ತಂದುಕೊಟ್ಟ ಚಿತ್ರಗಳಲ್ಲೊಂದು 1936ರ ‘ಅಛೂತ್ ಕನ್ಯಾ’. ರೈಲ್ವೆ ಗೇಟ್ ಕಾಯುವವನ ಮಗಳು ಕಸ್ತೂರಿ, ಬ್ರಾಹ್ಮಣರ ಹುಡುಗ ಪ್ರತಾಪ. ಕೊನೆಗೆ ಸಾಯುವವಳು ನಮ್ಮ ಹುಡುಗಿಯೇ, ರೈಲಿನ ಕೆಳಗೆ. ಅದೇ ವರ್ಷ ಬಾಬಾಸಾಹೇಬರ ‘ಜಾತಿ ವಿನಾಶ’ ಅಚ್ಚಾಯಿತು. ಒಂದು ಪರದೆ ಮ್ಯಾಲೆ ಕಣ್ಣೀರು ಹಾಕಿಸಿತು, ಇನ್ನೊಂದು ಜಾತಿಯ ಬೇರು ಯಾವುದು ಅಂತ ತೋರಿಸಿತು.

ಇನ್ನೊಂದು ಮಾತು ನೆನಪಿಡ್ರಿ. ಟಾಗೋರ್ ಮನೆತನದ ಬಂಧು ದೇವಿಕಾ ರಾಣಿ ಅಸ್ಪೃಶ್ಯ ಹುಡುಗಿಯ ಪಾತ್ರ ಮಾಡಿ ದೊಡ್ಡ ತಾರೆಯಾಗಿ ಉಳಿದರು. ಅದಕ್ಕಿಂತ ಕೆಲವೇ ವರ್ಷ ಹಿಂದೆ ಕೇರಳದಲ್ಲಿ ನಮ್ಮವಳೇ ಆದ ಪಿ.ಕೆ. ರೋಸಿ, ಜೆ.ಸಿ. ಡೇನಿಯಲ್ ಅವರ ‘ವಿಗತಕುಮಾರನ್’ ಚಿತ್ರದಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದಳು. ಮೇಲ್ಜಾತಿ ಮಂದಿ ದಾಂಧಲೆ ಮಾಡಿದರು, ಮನೆ ಸುಟ್ಟರು, ಆಕೆ ಊರು ಬಿಟ್ಟು ಓಡಬೇಕಾಯಿತು. ಮಲಯಾಳಂ ಸಿನಿಮಾದ ಮೊದಲ ನಾಯಕಿ ಮತ್ತೆ ತೆರೆ ಮ್ಯಾಲೆ ಕಾಣಲಿಲ್ಲ. ಅವರು ನಾವಾಗಿ ನಟಿಸಬಹುದು, ನಾವು ಅವರಾಗಿ ನಟಿಸಬಾರದು. ನೂರು ವರ್ಷದ ಸಂಭ್ರಮದೊಳಗ ಈ ಲೆಕ್ಕ ಯಾರು ಹೇಳಬೇಕು?

ಶುರುವಾತಿಗೇ ಹೋಗೋಣ. ‘ರಾಜಾ ಹರಿಶ್ಚಂದ್ರ’ದ ಕಥೆ ಏನು? ಸತ್ಯಕ್ಕಾಗಿ ರಾಜ ಎಲ್ಲ ಕಳಕೊಂಡು ಕೊನೆಗೆ ಸುಡುಗಾಡು ಕಾಯುವವನ ಆಳಾಗ್ತಾನ. ರಾಜ ಎಷ್ಟು ಕೆಳಗ ಬಿದ್ದ ಅಂತ ತೋರಿಸಲಿಕ್ಕೆ ಅಳತೆಗೋಲು ಯಾವುದು? ನಮ್ಮ ಬದುಕು. ನಾವು ದಿನಾ ಮಾಡೋ ಕೆಲಸ ರಾಜನಿಗೆ ಬಂದ್ರ ಅದು ಮಹಾ ಕಷ್ಟ. ಈ ದೇಶದ ಸಿನಿಮಾ ಹುಟ್ಟಿದ್ದೇ ಹೀಗೆ.

ಕನ್ನಡದವರು ಈ ಕಥೆಯೊಳಗ ಒಂದು ಬಾಗಿಲು ತೆರೆದರು ಅನ್ನೋದನ್ನೂ ಹೇಳಬೇಕು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಹುಣಸೂರು ಕೃಷ್ಣಮೂರ್ತಿ ವೀರಬಾಹುವಿಗೆ ಒಂದು ಹಾಡು ಕೊಟ್ಟರು. ಎಂ.ಪಿ. ಶಂಕರ್ ಸ್ಮಶಾನದಲ್ಲಿ ಕುಣಿಯುತ್ತ, ಕುಲದ ಮೇಲು ಕೀಳನ್ನೇ ಪ್ರಶ್ನೆ ಮಾಡುವ ಆ ಹಾಡು ಯಾರಿಗೆ ಗೊತ್ತಿಲ್ಲ? ಘಂಟಸಾಲ ಅವರ ದನಿ. ರಾಜಕುಮಾರ್ ನಾಯಕ, ಆದರೆ ಆ ಹೊತ್ತು ಪರದೆ ವೀರಬಾಹುವಿನದು. 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗಲೂ ಮಂದಿ ಕಾದು ಕೂತದ್ದು ಅದೇ ಹಾಡಿಗೆ. ನಮ್ಮ ಕೇರಿ ಮದುವೆಯಲ್ಲಿ ಇವತ್ತಿಗೂ ಆ ಹಾಡು ಬಂದ್ರ ಮುದುಕರೂ ಎದ್ದು ನಿಲ್ತಾರ. ಅದು ಸಿನಿಮಾ ಸಾಮಾನ್ಯ ಮಂದಿ ಬದುಕಿನೊಳಗ ಹೊಕ್ಕ ನಿಜವಾದ ಕಥೆ. ಅದನ್ನ ಯಾರೂ ಪಿಕ್ಚರ್ ಮಾಡಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಪರದೆ ಮ್ಯಾಲೆ ನಮಗ ಜಾಗ ಸಿಗಲಿಲ್ಲ ಖರೆ. ಆದ್ರ ಪರದೆ ಮುಂದ ಸಿಕ್ಕಿತ್ತು.

ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ತಗದು ಓದ್ರಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಅಂಗಡಿ, ಹೋಟೆಲು; ಇವುಗಳ ಜೊತೆಗೆ ಸಾರ್ವಜನಿಕ ಮನರಂಜನೆಯ ಸ್ಥಳ ಅಂತಲೂ ಬರದದ. ಜಾತಿ ಕಾರಣಕ್ಕ ಅಲ್ಲಿ ಯಾರನ್ನೂ ತಡೆಯುವಂಗಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹಂಗ ತಡೆಯೋದನ್ನ ಅಪರಾಧ ಮಾಡಿತು. ಮಹಾಡದ ಕೆರೆ ನೀರು ಮುಟ್ಟಿದವರಿಗೆ ಸಿನಿಮಾ ಟೆಂಟಿನ ಬೆಲೆಯೂ ಗೊತ್ತಿತ್ತು.

ನಮ್ಮ ಅಪ್ಪನ ಕಾಲದ ಮಂದಿ ಹೇಳೋದು ಕೇಳ್ರಿ. ಊರ ಹೊಟೇಲಿನ್ಯಾಗ ನಮಗ ಬ್ಯಾರೆ ಕಪ್ಪು, ಕುಡಿದು ನಾವೇ ತೊಳೆದಿಡಬೇಕು. ಗುಡಿಗೆ ಹೊರಗಿಂದಲೇ ಕೈ ಮುಗಿಯಬೇಕು. ಜಾತ್ರಿಗೆ ಟೆಂಟ್ ಟಾಕೀಸು ಬಂದ್ರ ಮಾತ್ರ ಟಿಕೀಟಿನ ರೊಕ್ಕ ಕೊಟ್ಟವನು ಒಳಗ ಹೋಗ್ತಿದ್ದ. ನೆಲ, ಬೆಂಚು, ಕುರ್ಚಿ ಅಂತ ಭೇದ ಇತ್ತು, ಆದ್ರ ಅದು ರೊಕ್ಕದ ಭೇದ. ಊರವರೇ ಬಂದಿದ್ರ ಯಾರ ಪಕ್ಕ ಯಾರು ಕೂಡಬೇಕು ಅಂತ ಕಣ್ಣಿನ್ಯಾಗೇ ಲೆಕ್ಕ ನಡೀತಿತ್ತು, ಇಲ್ಲ ಅನ್ನಂಗಿಲ್ಲ. ಲೈಟ್ ಆರಿದ ಮ್ಯಾಲೆ ಮೊಣಕೈಗೆ ಮೊಣಕೈ ತಾಗ್ತಿತ್ತು. ಯಾರೂ ಮೈಲಿಗಿ ಆಯ್ತು ಅಂತ ಎದ್ದು ಹೋಗ್ತಿರಲಿಲ್ಲ, ಯಾಕಂದ್ರ ಕೊಟ್ಟ ರೊಕ್ಕ ವಾಪಸ್ ಬರ್ತಿರಲಿಲ್ಲ! ಶ್ರೀಲಂಕಾದ ವಿದ್ವಾಂಸ ಕಾರ್ತಿಗೇಸು ಶಿವತಂಬಿ ತಮಿಳರ ಬಗ್ಗೆ ಇದನ್ನೇ ಬರೆದರು. ಎಲ್ಲ ಜಾತಿಯವರೂ ಒಂದೇ ಸೂರಿನ ಕೆಳಗೆ ಕೂತು ಆಟ ನೋಡಿದ ಮೊದಲ ಜಾಗ ಸಿನಿಮಾ ಹಾಲು ಅಂತ. ಆಳಂದಕ್ಕೂ ಜೇವರ್ಗಿಗೂ ಆ ಮಾತು ಒಪ್ಪತದ.

ಎರಡನೇದು ಹಾಡು. ಸಿನಿಮಾ ನಮ್ಮ ಬಗ್ಗೆ ಹಾಡು ಕಟ್ಟಲಿಲ್ಲ, ನಮ್ಮ ಮಂದಿ ಸಿನಿಮಾದ ಧಾಟಿಯನ್ನೇ ತಗೊಂಡು ಬಾಬಾಸಾಹೇಬರ ಹಾಡು ಕಟ್ಟಿದರು. ಸೊಲ್ಲಾಪುರ ಕಡೆಯಿಂದ ಪ್ರಹ್ಲಾದ ಶಿಂದೆ, ಆನಂದ ಶಿಂದೆ ಅವರ ಭೀಮಗೀತೆಯ ಕ್ಯಾಸೆಟ್ಟು ಗಡಿ ದಾಟಿ ಬರ್ತಿದ್ವು. ಏಪ್ರಿಲ್ 14ರ ಮೆರವಣಿಗೆಯಲ್ಲಿ ಹಿಂದಿ ಪಿಕ್ಚರಿನ ಧಾಟಿ ಕೇಳಸ್ತದ, ಮಾತು ಮಾತ್ರ ಸಂವಿಧಾನದ್ದು. ಅಕ್ಷರ ಬರದ ನಮ್ಮ ಅವ್ವಂದಿರು ಮಹಾಡ, ನಾಗಪುರದ ಇತಿಹಾಸ ಕಲಿತದ್ದು ಈ ಹಾಡಿನಿಂದ. ಇದಕ್ಕಿಂತ ದೊಡ್ಡ ಪ್ರಭಾವ ಯಾವುದದ ಹೇಳ್ರಿ?

ಮೂರನೇದು ಮುಂಬೈ. ಅಲಹಾಬಾದಿನ ಹುಡುಗ ಮುರಬ್ಬ ಹಿಡಕೊಂಡು ಮುಂಬೈಗೆ ಹೋದ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯೊಳಗ ಕಲಬುರಗಿಯಿಂದ ನಮ್ಮವರೂ ಹೋಗ್ತಾರ, ಬುಟ್ಟಿಯೊಳಗ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟಗೊಂಡು. ಸ್ಟಾರಿನ ಮನೆ ಮುಂದ ನಿಲ್ಲಲಿಕ್ಕಲ್ಲ, ಅಂಥವರ ಮನಿ ಕಟ್ಟಲಿಕ್ಕೆ. ಕನ್ನಡದೊಳಗ ಈ ದಾರಿ ತೋರಿಸಿದ್ದು ಉತ್ಸವ್ ಗೋನವಾರ ಅವರ ‘ಫೋಟೋ’. ವಿಧಾನಸೌಧದ ಮುಂದ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅನ್ನೋ ರಾಯಚೂರು ಕಡೆಯ ಹುಡುಗನ ಆಸೆ, ಲಾಕ್‌ಡೌನಿನಲ್ಲಿ ನಡಕೊಂಡೇ ಊರು ಸೇರಬೇಕಾದ ಅಪ್ಪ ಮಗನ ಕಷ್ಟ. ಮುರಬ್ಬದ ಕಥೆ ಮೆಚ್ಚಿದವರು ಇದನ್ನೂ ನೋಡಬೇಕು.

‘ಬಾಂಬೆ ಟಾಕೀಸ್’ ಬಂದ 2013ರಲ್ಲೇ ನಾಗರಾಜ ಮಂಜುಳೆ ‘ಫಂಡ್ರಿ’ ಮಾಡಿದರು. ಹಂದಿ ಹೊತ್ತುಕೊಂಡು ಹೋಗುವ ದಾರಿಯಲ್ಲಿ, ಶಾಲೆಯ ಗೋಡೆ ಮ್ಯಾಲೆ ಬಾಬಾಸಾಹೇಬರು, ಸಾವಿತ್ರಿಬಾಯಿ ನೋಡ್ತಿರ್ತಾರ. ಕೊನೆಗೆ ಜಬ್ಯಾ ಎಸೆಯುವ ಕಲ್ಲು ನೇರವಾಗಿ ನೋಡುವವರ ಕಡೆಗೇ ಬರತದ. 2016ರಲ್ಲಿ ‘ಸೈರಾಟ್’. ಅಫಜಲಪುರ, ಆಳಂದದ ಗಡಿ ಊರಿನ ಹುಡುಗರು ಅಕ್ಕಲಕೋಟ, ಸೊಲ್ಲಾಪುರಕ್ಕೆ ಹೋಗಿ ನೋಡಿ ಬಂದರು. ಕುಣಿದು ಬಂದವರಲ್ಲ, ಸುಮ್ಮನಾಗಿ ಬಂದವರು. ಪ್ರೀತಿ ಮಾಡಿದ್ದಕ್ಕೆ ಕೊಲೆ ಅನ್ನೋದು ನಮ್ಮ ಕಡೆ ಕಥೆಯಲ್ಲ.

ಆಮ್ಯಾಲೆ ಏನಾಯ್ತು? ‘ಸೈರಾಟ್’ 2018ರಲ್ಲಿ ಹಿಂದಿಗೆ ‘ಧಡಕ್’ ಆಗಿ ಹೋಯಿತು. ನಿರ್ಮಾಪಕರಲ್ಲಿ ಒಬ್ಬರು ‘ಬಾಂಬೆ ಟಾಕೀಸ್’ನ ಮೊದಲ ಕಥೆ ಹೇಳಿದ ಕರಣ್ ಜೋಹರ್. ಹಾಡು ಉಳೀತು, ಅರಮನೆ ಬಂತು, ಜಾತಿ ಮಾತ್ರ ಪಕ್ಕಕ್ಕ ಸರೀತು. ನಮ್ಮ ಸಂಕಟದ ರಾಗ ಬೇಕು, ಕಾರಣ ಬೇಡ ಅಂದಂಗಾಯ್ತು. 2025ರಲ್ಲಿ ಅವರದೇ ಕಂಪನಿ ಮಾರಿ ಸೆಲ್ವರಾಜ್ ಅವರ ‘ಪರಿಯೇರುಂ ಪೆರುಮಾಳ್’ ತಗೊಂಡು ‘ಧಡಕ್ 2’ ಮಾಡಿದಾಗ ಜಾತಿಯ ಹೆಸರು ಬಾಯಿಗೆ ಬಂತು. ಒಳ್ಳೇದು. ಆದ್ರ ಅಲ್ಲಿಗೆ ಬರಲಿಕ್ಕೆ ದಾರಿ ಮಾಡಿದವರು ಮಂಜುಳೆ, ಪಾ. ರಂಜಿತ್, ಮಾರಿ ಸೆಲ್ವರಾಜ್. ಕ್ಯಾಮೆರಾ ನಮ್ಮ ಕೈಗೆ ಬಂದ ಮ್ಯಾಲೇ ಪರದೆ ಅಲ್ಲಾಡಿತು.

ಈಗ ಆತಂಕದ ವಿಷಯ. ಪರದೆ ಮುಂದಿನ ಜಾಗವೂ ನಮ್ಮ ಕೈ ತಪ್ಪಲಿಕತ್ತದ. ಟೆಂಟು ಹೋದ್ವು, ತಾಲೂಕಿನ ಟಾಕೀಸುಗಳು ಒಂದೊಂದೇ ಬಾಗಿಲು ಹಾಕಿದ್ವು. ಉಳಿದದ್ದು ಮಲ್ಟಿಪ್ಲೆಕ್ಸ್. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟಿನಲ್ಲಿ ತಡೆ ಬಂತು. ಮಿತಿ ಜಾರಿಯಾದ್ರೂ ಲೆಕ್ಕ ಹಾಕ್ರಿ. 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕ 370 ರೂಪಾಯಿ. ನಾಲ್ಕು ಮಂದಿಯ ಮನೆ ಒಂದು ಪಿಕ್ಚರ್ ನೋಡಬೇಕಂದ್ರ 800, ಅಂದ್ರ ಎರಡು ದಿನದ ಕೂಲಿ ಕೊಟ್ರೂ ಸಾಲದು. ಬಸ್ ಚಾರ್ಜು ಬ್ಯಾರೆ. ಹೊರಗ ಹಾಕಲಿಕ್ಕೆ ಈಗ ಯಾರೂ ಜಾತಿ ಕೇಳಬೇಕಿಲ್ಲ, ದರದ ಬೋರ್ಡೇ ಸಾಕು. ಹುಡುಗರು ಫೋನಿನ್ಯಾಗ ಒಬ್ಬೊಬ್ಬರೇ ನೋಡ್ತಾರ. ಪಕ್ಕದವನ ಮೊಣಕೈ ತಾಗೋದು ನಿಂತದ.

ಹಂಗಾದ್ರ ನಾವೇನು ಮಾಡಬೇಕು? ನನ್ನ ಸಲಹೆ ಮೂರೇ.

ಒಂದು, ಮೂರೂ ತಾಲೂಕಿನ ಅಂಬೇಡ್ಕರ್ ಭವನದೊಳಗ ತಿಂಗಳಿಗೊಮ್ಮೆ ಪಿಕ್ಚರ್ ಹಾಕೋಣ. ಜಯಂತಿಯ ಡಿಜೆ ಖರ್ಚಿನೊಳಗ ಒಂದು ಪಾಲು ತಗದ್ರ ಪ್ರೊಜೆಕ್ಟರ್ ಬರತದ. ನೋಡಿದ ಮ್ಯಾಲೆ ಅರ್ಧ ತಾಸು ಮಾತಾಡಬೇಕು, ಅಕ್ಕ ತಂಗಿಯರು ಮೊದಲು ಮಾತಾಡಬೇಕು. ಬರೇ ನಮ್ಮ ಕೇರಿಯವರಿಗಲ್ಲ, ಊರವರನ್ನೂ ಕರೀಬೇಕು. ಒಂದೇ ಸೂರಿನ ಕೆಳಗ ಕೂಡೋದೇ ಅರ್ಧ ಕೆಲಸ.

ಎರಡು, ಹಿರಿಯರ ಸಿನಿಮಾ ನೆನಪುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡ್ರಿ. ಟೆಂಟಿನೊಳಗ ಎಲ್ಲಿ ಕೂತಿದ್ರು, ಪಕ್ಕ ಯಾರಿದ್ರು, ಯಾವ ಪಿಕ್ಚರ್ ಮಂದಿನ ಅಳಿಸ್ತು. ಇದು ನಮ್ಮ ಇತಿಹಾಸ. ಆ ಮುದುಕರು ಹೋದ್ರ ಅದೂ ಹೋಗತದ.

ಮೂರು, ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಕಾಯ್ದೆ ಕರ್ನಾಟಕಕ್ಕೆ ಬಂದದ್ದೂ 2013ರಲ್ಲೇ. ಆ ಹಣ ಎಲ್ಲೆಲ್ಲಿಗೋ ಹೋಗತದ ಅಂತ ಪ್ರತಿ ವರ್ಷ ಬೀದಿಗೆ ಇಳೀತೀವಿ. ಅದರೊಳಗ ನಮ್ಮ ಮಕ್ಕಳಿಗೆ ಕ್ಯಾಮೆರಾ, ಎಡಿಟಿಂಗ್, ಚಿತ್ರಕಥೆಯ ತರಬೇತಿ ಕೊಡ್ರಿ ಅಂತಲೂ ಕೇಳೋಣ. ಹಾಸ್ಟೆಲು ಕೇಳಿದಂಗ, ಭೂಮಿ ಕೇಳಿದಂಗ ಕೇಳೋಣ. ಕಥೆ ಹೇಳೋ ಹಕ್ಕೂ ಆಸ್ತಿಯೇ.

‘ಬಾಂಬೆ ಟಾಕೀಸ್’ ನೋಡಬ್ಯಾಡ್ರಿ ಅಂತ ಹೇಳಂಗಿಲ್ಲ. ನೋಡ್ರಿ, ಖುಷಿ ಪಡ್ರಿ. ಲಿಂಕ್ ಹಾಕುವಾಗ ಜೊತೆಗೆ ‘ಫಂಡ್ರಿ’, ‘ಫೋಟೋ’ ಹೆಸರೂ ಬರೀರಿ. ಭವನದ ಮೊದಲ ಪ್ರದರ್ಶನಕ್ಕ ಯಾವ ತಾಲೂಕು ಮುಂದ ಬರತದ, ಕಾಮೆಂಟಿನ್ಯಾಗ ತಿಳಿಸ್ರಿ.

ಜೈ ಭೀಮ್.