18 ಗೆಲುವಿನ ಕುದುರೆ, ಗೆದ್ದರೂ ಸೋಲುವ ಬಾಜಿ

ಜೂರಾಲ: ಕೃಷ್ಣಾ ತೀರದ ಹಳ್ಳಿಗಳಿಗೆ ಪಂದ್ಯ ಅಂದರೆ ಎತ್ತು. ರಾಯಚೂರಿನ ಕಾರ ಹುಣ್ಣಿಮೆಯಲ್ಲಿ ಭಾರದ ಕಲ್ಲು ಎಳೆಯುವ ಜೋಡಿಯ ಕಾಲು, ಹೆಗಲು ನೋಡಿಯೇ ಬೆಲೆ ಕಟ್ಟುವವರು ಗದ್ವಾಲ, ಮಕ್ತಲ್ ಕಡೆಯೂ ಉಂಟು. ಕುದುರೆ ರೇಸು ಮಾತ್ರ ದೊಡ್ಡ ಊರಿನ ಆಟ. ಆದರೂ ಗದ್ವಾಲಿನಲ್ಲಿ ರೈಲು ಹತ್ತಿ ಕಾಚಿಗುಡದಲ್ಲಿ ಇಳಿದರೆ ಮಲಕ್‌ಪೇಟೆಯ ರೇಸ್ ಮೈದಾನ ಹತ್ತಿರವೇ. ಈಗ ಮೊಬೈಲ್ ಇದೆ, ರೈಲೂ ಬೇಕಿಲ್ಲ.

ಭಾರತದ ರೇಸಿನಲ್ಲಿ ದೊಡ್ಡ ಹೆಸರು ಸ್ಕ್ವಾಂಡರರ್. ಪಳಗಿಸಿದವರು ಬೆಂಗಳೂರಿನ ರಶೀದ್ ಬೈರಾಮ್ಜಿ. ಓಡಿದ್ದು 19 ರೇಸು, ಗೆದ್ದದ್ದು 18. 1977ರ ಇಂಡಿಯನ್ ಡರ್ಬಿಯೂ ಅದರದೇ, ತ್ರಿವಳಿ ಕಿರೀಟವೂ ಅದರದೇ. ಈ ಕಿರೀಟ ಸುಲಭಕ್ಕೆ ಸಿಗುವಂಥದ್ದಲ್ಲ. ಮೊದಲ ರೇಸು 1600 ಮೀಟರ್, ಡರ್ಬಿ 2400, ಕೊನೆಯದು 2800. ಮೊದಲನೆಯದಕ್ಕೆ ವೇಗ ಬೇಕು, ಕೊನೆಯದಕ್ಕೆ ದಮ್ಮು ಬೇಕು. ಎರಡೂ ಒಂದೇ ಕುದುರೆಯಲ್ಲಿ ಇರುವುದು ಅಪರೂಪ. ಓಟಕ್ಕೆ ಚುರುಕಾದ ಎತ್ತು ಸಂಜೆವರೆಗೆ ನೇಗಿಲು ಎಳೆಯುತ್ತದೆ ಅನ್ನುವ ಖಾತ್ರಿ ಇಲ್ಲವಲ್ಲ, ಹಾಗೆ.

ಇಂಥ ಕುದುರೆ ಇದ್ದರೆ ಅದರ ಮೇಲೆ ದುಡ್ಡು ಕಟ್ಟಿದವರೆಲ್ಲ ಶ್ರೀಮಂತರಾಗಬೇಕಿತ್ತು ಅಂತ ಅನಿಸಬಹುದು. ಆಗುವುದಿಲ್ಲ. ಗೆಲ್ಲುವುದು ಖಚಿತ ಅನ್ನುವ ಕುದುರೆಗೆ ಎಲ್ಲರೂ ಕಟ್ಟುತ್ತಾರೆ. ಹೀಗಾಗಿ 100 ರೂಪಾಯಿಗೆ ವಾಪಸು ಬರುವುದು 110 ಅಥವಾ 120. ಕುದುರೆಯ ಕೀರ್ತಿ ಏರಿದಷ್ಟೂ ಕಟ್ಟಿದವನ ಲಾಭ ಇಳಿಯುತ್ತದೆ.

ಈಗ ಇದಕ್ಕೆ ತೆರಿಗೆ ಸೇರಿಸಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ರೇಸಿನ ಬಾಜಿಗೆ ಜಿಎಸ್‌ಟಿ ಶೇ. 40. ಮೊದಲು ಶೇ. 28 ಇತ್ತು. ಇದು ಗೆದ್ದ ಲಾಭದ ಮೇಲಲ್ಲ, ಕಟ್ಟಿದ ಪೂರ್ತಿ ಹಣದ ಮೇಲೆ. 100ರ ಬಾಜಿಗೆ ಮೇಲೆ 40 ಕೊಟ್ಟರೆ ಕೈಯಿಂದ ಹೋದದ್ದು 140. ಸ್ಕ್ವಾಂಡರರ್‌ನಂಥ ಕುದುರೆ ಗೆದ್ದು 110 ಬಂತು ಅಂತಿಟ್ಟುಕೊಳ್ಳಿ. ಕುದುರೆ ಗೆದ್ದಿತು, ಕಟ್ಟಿದವನಿಗೆ 30 ರೂಪಾಯಿ ನಷ್ಟ! ಒಂದಕ್ಕೆ ಎರಡು ಬರುವ ಕುದುರೆಗೆ ಹತ್ತು ಸಲ ಕಟ್ಟಿ ಐದು ಸಲ ಗೆದ್ದವನ ಲೆಕ್ಕವೂ ಅಷ್ಟೇ. ಕೊಟ್ಟದ್ದು 1400, ಬಂದದ್ದು 1000.

ಗಡಿ ಹಳ್ಳಿಗಳು ಕಿವಿ ನೆಟ್ಟಗೆ ಮಾಡಬೇಕಾದದ್ದು ಇಲ್ಲಿ. ಈ ಲೆಕ್ಕ ಕಳ್ಳ ಬುಕ್ಕಿಗಳಿಗೂ ಚೆನ್ನಾಗಿ ಗೊತ್ತು. 'ನಮ್ಮಲ್ಲಿ ಟ್ಯಾಕ್ಸ್ ಇಲ್ಲ, ಫೋನ್ ಮಾಡಿದರೆ ಸಾಕು' ಅನ್ನುವುದೇ ಅವರ ಬಂಡವಾಳ. ಅಲ್ಲಿ ಚೀಟಿ ಇಲ್ಲ, ರಸೀದಿ ಇಲ್ಲ. ಗೆದ್ದಾಗ ಫೋನ್ ಸ್ವಿಚ್ ಆಫ್ ಆದರೆ ದೂರು ಕೊಡುವುದಾದರೂ ಎಲ್ಲಿ? ದುಡ್ಡು ಕಟ್ಟಿದವನು ನಾರಾಯಣಪೇಟೆಯಲ್ಲಿ, ಪಡೆದವನು ರಾಯಚೂರಿನಲ್ಲಿ ಇದ್ದರೆ ಎರಡು ರಾಜ್ಯಗಳ ಠಾಣೆ ಅಲೆಯಬೇಕು. ಅದೂ ತಾನೇ ಕಾನೂನು ಮುರಿದವನು ಅಂತ ಒಪ್ಪಿಕೊಂಡು.

'ಸುಪ್ರೀಂ ಕೋರ್ಟೇ ರೇಸು ಜೂಜಲ್ಲ ಅಂದಿದೆ' ಎನ್ನುವ ವಾದ ಕಟ್ಟೆಗಳಲ್ಲಿ ಕೇಳಿಬರುತ್ತದೆ. 1996ರಲ್ಲಿ ಹೇಳಿದ್ದು ನಿಜ, ಕುದುರೆ ರೇಸು ಕೌಶಲದ ಆಟ ಅಂತ. ಆದರೆ ಆ ತೀರ್ಪು ಸಂತೆಯ ಮೂಲೆಯಲ್ಲಿ ಫೋನ್ ಹಿಡಿದು ಕೂತವನಿಗೆ ಲೈಸೆನ್ಸ್ ಅಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಅಂತ ನೋಡದೆ ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಗೇ ನಿಷೇಧ ಹಾಕಿದೆ.

ಇತ್ತ ಕ್ಲಬ್ಬುಗಳ ಸ್ಥಿತಿಯೂ ಸುಖವಾಗಿಲ್ಲ. ಬಾಜಿಯಿಂದ ಬರುವ ಕಮಿಷನ್ನೇ ಅವುಗಳ ಆದಾಯ, ಬಹುಮಾನದ ಹಣವೂ ಅದರಿಂದಲೇ. 2024ರಲ್ಲಿ ಕರ್ನಾಟಕ ಸರ್ಕಾರ ಲೈಸೆನ್ಸ್ ಕೊಡದೆ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ರೇಸು ನಿಂತಾಗ ಪೆಟ್ಟು ಬಿದ್ದದ್ದು ಮಾಲೀಕರಿಗಿಂತ ಕುದುರೆ ನೋಡಿಕೊಳ್ಳುವ ಸೈಸ್‌ಗಳಿಗೆ, ಲಾಳ ಹೊಡೆಯುವವರಿಗೆ. ಕುದುರೆ ಓಡದಿದ್ದರೂ ಹುಲ್ಲು, ಹುರುಳಿ ಬೇಕೇ ಬೇಕು.

ಕಟ್ಟಿದ ಪೂರ್ತಿ ಹಣಕ್ಕೆ ಬೇಡ, ನಮ್ಮ ಕಮಿಷನ್ನಿಗಷ್ಟೇ ತೆರಿಗೆ ಹಾಕಿ ಎಂಬುದು ಕ್ಲಬ್ಬುಗಳ ಹಳೆಯ ಬೇಡಿಕೆ. 100ರಲ್ಲಿ ಕಮಿಷನ್ 10 ಅಂತಿಟ್ಟುಕೊಂಡರೆ ಶೇ. 40ರ ಲೆಕ್ಕದಲ್ಲೂ ತೆರಿಗೆ 4 ರೂಪಾಯಿ. ಕಳ್ಳ ಬುಕ್ಕಿಯ 'ಟ್ಯಾಕ್ಸ್ ಇಲ್ಲ' ಅನ್ನುವ ಮಾತಿಗೆ ಆಗ ಅಷ್ಟು ಬೆಲೆ ಉಳಿಯುವುದಿಲ್ಲ. ಸದ್ಯಕ್ಕಂತೂ ಇರುವುದು 40.