ಮುಯ್ಯಾಳಿನ ಲೆಕ್ಕ

ಮಕ್ಕಳೇ, ಈ ವಾರ ನಿಮ್ಮ ಅಜ್ಜಿಯನ್ನು ಒಂದು ಪ್ರಶ್ನೆ ಕೇಳಿ: “ಅಜ್ಜಿ, ಮುಯ್ಯಾಳು ಅಂದ್ರೇನು?” ನಮ್ಮ ಕರಿಘಟ್ಟದ ಆಸುಪಾಸಿನ ಅಜ್ಜಿಯಾದರೆ ಉತ್ತರ ಹೇಳುವ ಮೊದಲೇ ಒಂದು ಸಣ್ಣ ನಗು ನಕ್ಕಾರು.

ಮುಯ್ಯಿ ಎಂದರೆ ಪಡೆದದ್ದನ್ನು ಅದೇ ಅಳತೆಯಲ್ಲಿ ಹಿಂದಿರುಗಿಸುವುದು. ಮದುವೆಮನೆಯ ಮುಯ್ಯಿ ನಿಮಗೆ ಗೊತ್ತು. ದುಡಿಮೆಗೂ ಒಂದು ಮುಯ್ಯಿ ಇತ್ತು. ಇವತ್ತು ಹತ್ತು ಮನೆಯವರು ಸೇರಿ ನಮ್ಮ ಗದ್ದೆ ನಾಟಿ ಮಾಡಿದರೆ, ನಾಳೆ ಎಲ್ಲರೂ ನಿಮ್ಮ ಗದ್ದೆಗೆ. ಒಂದು ಆಳಿಗೆ ಒಂದು ಆಳು, ಒಂದು ದಿನಕ್ಕೆ ಒಂದು ದಿನ. ಕೂಲಿ ಇಲ್ಲ. ಗದ್ದೆಯವರ ಮನೆಯಿಂದ ಊಟ ಬರುತ್ತದೆ, ಅಷ್ಟೆ.

ಇದು ಬರೀ ಒಳ್ಳೆಯತನದಿಂದ ಹುಟ್ಟಿದ್ದಲ್ಲ, ಅಗತ್ಯದಿಂದ ಹುಟ್ಟಿದ್ದು. ನಾಲೆಗೆ ನೀರು ಬಿಟ್ಟರೆ ಎಲ್ಲರ ಗದ್ದೆಗೂ ಒಟ್ಟಿಗೇ ಕೆಲಸ ಬರುತ್ತದೆ. ಒಟ್ಲಿನ ಪೈರನ್ನು ಮೂರು ನಾಲ್ಕು ವಾರಕ್ಕೆ ಕಿತ್ತು ನೆಡಬೇಕು. ಬಲಿತುಹೋದರೆ ತೆಂಡೆ ಸರಿಯಾಗಿ ಒಡೆಯುವುದಿಲ್ಲ, ಇಳುವರಿ ಇಳಿಯುತ್ತದೆ. ಒಂದೇ ಮನೆಯವರು ಎಷ್ಟು ದಿನ ಬಗ್ಗಿ ನೆಟ್ಟಾರು?

ಕೆಸರಿನಲ್ಲಿ ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ದಿನವೆಲ್ಲ ನೆಡುವುದು ಬೆನ್ನು ಮುರಿಯುವ ಕೆಲಸ. ಅದಕ್ಕೇ ಅಲ್ಲಿ ಹಾಡು ಬಂತು. ಒಬ್ಬಾಕೆ ಸೊಲ್ಲೆತ್ತಿದರೆ ಉಳಿದವರು ದನಿಗೂಡಿಸುತ್ತಾರೆ. ಹಾಡಿನ ಲಯಕ್ಕೆ ಕೈ ಓಡುತ್ತದೆ. ಯಾರ ಸಾಲು ಮೊದಲು ಮುಗಿಯುತ್ತದೆ ಎಂಬ ಪಂಥ ಬೇರೆ. ಹಿಂದೆ ಬಿದ್ದವಳನ್ನು ಚುಡಾಯಿಸುತ್ತಾರೆ. ಆಮೇಲೆ ಚುಡಾಯಿಸಿದವಳೇ ನಾಲ್ಕು ಹಿಡಿ ಪೈರನ್ನು ಅವಳ ಸಾಲಿಗೂ ನೆಟ್ಟುಬಿಡುತ್ತಾಳೆ.

ದುಡಿಮೆಯ ವರ್ಷಕ್ಕೆ ಸಂಭ್ರಮವನ್ನು ಹೆಣೆದಿದ್ದೂ ಹೀಗೆಯೇ. ಯುಗಾದಿಯ ಹೊತ್ತಿಗೆ ಊರಿನ ನೇಗಿಲೆಲ್ಲ ಒಟ್ಟಿಗೆ ಹೊರಟು ಹೊನ್ನಾರು ಕಟ್ಟುತ್ತವೆ. ಆಯುಧಪೂಜೆಯ ದಿನ ಕುಡುಗೋಲಿಗೂ ರಜೆ. ಸಂಕ್ರಾಂತಿಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ದುಡಿದ ಮೂಕಪ್ರಾಣಿಗೂ ಹಬ್ಬದಲ್ಲಿ ಒಂದು ಪಾಲು.

ಆದರೆ ಹಿಂದೆ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಗದ್ದೆ ಇದ್ದವರಿಗೆ ಮಾತ್ರ ಮುಯ್ಯಿ. ತುಂಡು ಭೂಮಿಯೂ ಇಲ್ಲದವರು ಅದೇ ಹಾಡು ಹಾಡಿ ನೆಟ್ಟರೂ, ಮರುದಿನ ಅವರ ಗದ್ದೆಗೆ ಯಾರು ಹೋಗಬೇಕು? ಗದ್ದೆಯೇ ಇಲ್ಲವಲ್ಲ! ಹಾಡು ಕೂಲಿಯ ಬದಲಿಗೆ ಆಗುವುದಿಲ್ಲ.

ಈಗ ಬ್ಯಾಂಕಿನ ಒಂದು ಆಟ ಹೇಳುತ್ತೇನೆ. ಕಂಪ್ಯೂಟರ್ ಬರುವ ಮುಂಚೆ ಲೆಡ್ಜರುಗಳನ್ನೆಲ್ಲ ಕೈಯಲ್ಲೇ ಕೂಡಿ ತಾಳೆ ನೋಡಬೇಕಿತ್ತು. ಒಂಬತ್ತು ರೂಪಾಯಿ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿಲ್ಲ. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಹಿಂದುಮುಂದಾಗಿರಬಹುದು ಎಂಬುದು ನಮಗೆ ಸುಳಿವು. 54 ಬರೆಯುವ ಕಡೆ 45 ಬರೆದರೆ ವ್ಯತ್ಯಾಸ 9. 72ಕ್ಕೆ 27 ಬರೆದರೆ 45. ಅದನ್ನು ಹಿಡಿದು ಎಲ್ಲರೂ ಪುಟ ತಿರುವುತ್ತಿದ್ದೆವು. ಕಂಡುಹಿಡಿದವನಿಗೆ ಉಳಿದವರೆಲ್ಲ ಸೇರಿ ಮಸಾಲೆ ದೋಸೆ ಕೊಡಿಸಬೇಕು. ಯಾವ ಸುತ್ತೋಲೆಯಲ್ಲೂ ಈ ನಿಯಮ ಇರಲಿಲ್ಲ. ನಾವೇ ಮಾಡಿಕೊಂಡ ಆಟ, ಅದಕ್ಕೇ ರುಚಿ.

ಆಟವನ್ನು ಮೇಲಿನವರು ಕೈಗೆ ತೆಗೆದುಕೊಂಡರೆ ಏನಾಗುತ್ತದೆ? 1935ರಲ್ಲಿ ಸೋವಿಯತ್ ದೇಶದ ಗಣಿಯಲ್ಲಿ ಅಲೆಕ್ಸಿ ಸ್ಟಖಾನೊವ್ ಎಂಬಾತ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದನೆಂದು ಸರ್ಕಾರ ಸಾರಿತು. ಅದು ನಿಗದಿಯ ಹದಿನಾಲ್ಕು ಪಟ್ಟು. ಸುರಂಗಕ್ಕೆ ಆಸರೆಯ ಮರ ನಿಲ್ಲಿಸಲು ಅವನ ಜೊತೆ ಬೇರೆಯವರಿದ್ದರು. ಹೆಸರು ಬಂದದ್ದು ಅವನೊಬ್ಬನಿಗೆ. ಅವನಂಥವರಿಗೆ ಪದಕ, ಬಹುಮಾನ ಸಿಕ್ಕವು. ಮರುವರ್ಷ ಉಳಿದ ಕಾರ್ಮಿಕರ ನಿಗದಿಯನ್ನೂ ಏರಿಸಿದರು. ಒಬ್ಬನ ಗೆಲುವು ಎಲ್ಲರ ಹೊರೆಯಾಯಿತು.

ಇವತ್ತು ಬೆಂಗಳೂರಿನಲ್ಲಿ ಮನೆಬಾಗಿಲಿಗೆ ಊಟ ತಂದುಕೊಡುವ ಹುಡುಗರ ಮೊಬೈಲಿನಲ್ಲೂ ಒಂದು ಆಟ ಇದೆ. ಇಷ್ಟು ಆರ್ಡರ್ ಮುಟ್ಟಿಸಿದರೆ ಹೆಚ್ಚಿನ ದುಡ್ಡು, ಗಿರಾಕಿ ಕೊಟ್ಟ ನಕ್ಷತ್ರಕ್ಕೊಂದು ಲೆಕ್ಕ. ನೋಡಲು ವಿಡಿಯೋ ಗೇಮಿನಂತೆಯೇ. ಆದರೆ ಗೇಮಿನಲ್ಲಿ ಸೋತರೆ ಮತ್ತೆ ಆಡಬಹುದು. ಮಳೆಯ ರಸ್ತೆಯಲ್ಲಿ ಬೈಕು ಜಾರಿದರೆ? ಅಂಕ ಯಾಕೆ ಇಳಿಯಿತೆಂದು ಕೇಳೋಣವೆಂದರೆ ಎದುರಿಗೆ ಮನುಷ್ಯನೇ ಇಲ್ಲ.

ಈ ನೋವು ಸರ್ಕಾರಕ್ಕೂ ಮುಟ್ಟಿದೆ. 2025ರಲ್ಲಿ ನಮ್ಮ ರಾಜ್ಯ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕಾನೂನು ತಂದಿತು. ಕೆಲಸ ಹಂಚುವ, ಅಂಕ ಕೊಡುವ ಯಂತ್ರದ ಲೆಕ್ಕಾಚಾರ ಏನೆಂದು ಕೇಳಿ ತಿಳಿಯುವ ಹಕ್ಕೂ ಅದರಲ್ಲಿದೆ. ದುಡಿದವನಿಗೆ ಲೆಕ್ಕ ಕಾಣಬೇಕು ಎಂಬುದೇ ಅದರ ಸಾರ. ಮುಯ್ಯಾಳಿನಲ್ಲಿ ಅದು ಮೊದಲಿಂದಲೂ ಇತ್ತು. ಯಾರು ಯಾರಿಗೆ ಎಷ್ಟು ದಿನ ಬಾಕಿ ಎಂಬುದು ಪುಸ್ತಕವಿಲ್ಲದೆ ಎಲ್ಲರಿಗೂ ಗೊತ್ತು.

ಹಿರಿಯರೇ, ಕೆಲಸದಲ್ಲಿ ಆಟವಿರಲಿ, ನಗು ಇರಲಿ. ಆದರೆ ಅದರ ನಿಯಮವನ್ನು ಆಡುವವರೂ ಸೇರಿ ಮಾಡಬೇಕು, ಲೆಕ್ಕ ಎಲ್ಲರ ಕಣ್ಣೆದುರು ಇರಬೇಕು, ಹಿಂದೆ ಬಿದ್ದವರಿಗೆ ಒಂದು ಕೈ ಸಿಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಆಟದ ಕೋಲು ಚಾಟಿಯಾಗುತ್ತದೆ. ಮನೆಯಲ್ಲೂ ಅಷ್ಟೆ. ಮೊಮ್ಮಗಳು ನಿಮಗೆ ಕನ್ನಡಕ ಹುಡುಕಿಕೊಟ್ಟರೆ ಚಾಕೊಲೇಟಿನ ಆಸೆ ತೋರಿಸಬೇಡಿ. ಅವಳ ಪುಸ್ತಕಕ್ಕೆ ರಟ್ಟು ಹಾಕಿಕೊಟ್ಟು ಮುಯ್ಯಿ ತೀರಿಸಿ.

ಮಕ್ಕಳೇ, ಈಗ ನಿಮಗೊಂದು ಲೆಕ್ಕ. ಲೆಡ್ಜರಿನಲ್ಲಿ 36 ರೂಪಾಯಿ ವ್ಯತ್ಯಾಸ ಬಂದಿದೆ. ಸೊನ್ನೆ ಇಲ್ಲದ ಎರಡಂಕಿಯ ಯಾವುದೋ ಸಂಖ್ಯೆ ತಿರುವುಮುರುವಾಗಿದೆ. ಅಂಥ ಜೋಡಿಗಳು ಐದಿವೆ, ಹುಡುಕಿ. ಅಜ್ಜನಿಗೆ ಎರಡು ಬಿಟ್ಟುಕೊಡಿ.