ಮೊದಲು ಮುಗಿಸಿದವರಿಗೆ ಚಾಕಲೇಟ್ ಕೊಡಬೇಡಿ

ಮೊನ್ನೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನವರು ರೇಗಾಡುತ್ತಿದ್ದರು. "ಸರ್ಕಾರಿ ಶಾಲೇಲಿ ಲೆಕ್ಕ ಎಲ್ಲಿ ಹೇಳ್ಕೊಡ್ತಾರೆ ಸಾರ್? ಬರೀ ಆಟ ಆಡಿಸ್ತಾರೆ!" ತೆರಕಣಾಂಬಿ ದಾಟಿದರೂ ನಾನು ಬಾಯಿ ಬಿಡಲಿಲ್ಲ. ಅವರಿಗೆ ಕೊಡದ ಉತ್ತರ ಇಲ್ಲಿ ಬರೀತಿದೀನಿ, ನೀವೇ ಅನುಭವಿಸಿ :)

ನಮ್ಮ ಮೇಷ್ಟ್ರು ಸಮಾನ ಭಿನ್ನರಾಶಿ ಹೇಳಿಕೊಟ್ಟಿದ್ದು ಒಂದೇ ಸಾಲಿನಲ್ಲಿ: ಮೇಲೂ ಕೆಳಗೂ ಒಂದೇ ಸಂಖ್ಯೆಯಿಂದ ಗುಣಿಸು. ಗುಣಿಸಿದೆ, ನೂರಕ್ಕೆ ನೂರು ಬಂತು. "ಗುಣಿಸಿದ ಮೇಲೆ ದೊಡ್ಡದಾಗ್ಬೇಕಲ್ವಾ ಸಾ?" ಅಂದ ನನ್ನ ಗೆಳೆಯನಿಗೆ ಬಿದ್ದಿದ್ದು ಏಟು. ಸರಿಯಾದ ಪ್ರಶ್ನೆ ಅವನದೇ ಅಂತ ನನಗೆ ಹೊಳೆದಿದ್ದು ಎಂಜಿನಿಯರಿಂಗ್ ಮುಗಿದ ಮೇಲೆ. ಅವನು ಏಳಕ್ಕೇ ಶಾಲೆ ಬಿಟ್ಟ.

ಈ ಸಲ ಟೀಚರ್ ಆಗಿರುವ ನಮ್ಮಕ್ಕನ ಕ್ಲಾಸಿನಲ್ಲಿ ಹಿಂದೆ ಕೂತಿದ್ದೆ. ಮೂರು ಮಕ್ಕಳಿಗೆ ಮೂರು ರಟ್ಟಿನ ರೊಟ್ಟಿ. ಎರಡು ರೊಟ್ಟಿ 2/3 ಮತ್ತು 1/3 ಆಗಿ ತುಂಡಾಗಿವೆ, ಮೂರನೆಯದು 2/3 ಮತ್ತು ಎರಡು 1/6. ಎಲ್ಲಾ ಕಲಸಿ ಹಂಚಿದ್ದಾಳೆ. ಮಾತಾಡಂಗಿಲ್ಲ, ಕಿತ್ಕೊಳ್ಳಂಗಿಲ್ಲ, ಕೊಡಬಹುದು ಅಷ್ಟೆ. ಮೂವರದೂ ಪೂರ್ತಿಯಾದರೇ ಆಟ ಮುಗಿದಂತೆ. ಒಬ್ಬ ಹುಡುಗಿ ಎರಡು 1/3, ಎರಡು 1/6 ಜೋಡಿಸಿ ಕೈಕಟ್ಟಿ ಕೂತಳು. ಉಳಿದಿಬ್ಬರ ಹತ್ತಿರ ಮೂರು 2/3... ತಿಪ್ಪರಲಾಗ ಹಾಕಿದರೂ ರೊಟ್ಟಿ ಆಗಲ್ಲ! ಸುಮಾರು ಹೊತ್ತು ನೋಡಿ ಅವಳು ತನ್ನದನ್ನೇ ಒಡೆದಳು. ಒಬ್ಬನಿಗೆ 1/3, ಇನ್ನೊಬ್ಬನಿಗೆ ಎರಡೂ 1/6. ಅವಳ ಕಡೆಗೆ ಒಂದು 2/3 ಬಂತು. ಆಮೇಲೆ ಅಕ್ಕ ಬೋರ್ಡಿನ ಮೇಲೆ 2/6 = 1/3 ಅಂತ ಬರೆದಾಗ ಯಾರಿಗೂ ಅದು ಹೊಸದಾಗಿರಲಿಲ್ಲ.

ಇದನ್ನೇ ಚಾಕಲೇಟ್ ಆಸೆ ತೋರಿಸಿ ಆಡಿಸಿ ನೋಡಿ. ಆ ಹುಡುಗಿ ಗೆದ್ದು ಎದ್ದು ಹೋಗ್ತಾಳೆ, ಲೆಕ್ಕ ಯಾರಿಗೂ ಬರಲ್ಲ, ಅವಳಿಗೂ! ಸ್ಪರ್ಧೆ ಸ್ಪರ್ಧೆ ಅಂತ ಬಡ್ಕೊಳ್ಳೋ ಸಾಫ್ಟ್‌ವೇರ್ ಮಿತ್ರರೇ, ನಿಮ್ಮೊಬ್ಬರ ಮಾಡ್ಯೂಲ್ ಮುಗಿದರೆ ರಿಲೀಸ್ ಆಗುತ್ತಾ?

ಇನ್ನೊಂದು ಸಿಟ್ಟಿದೆ. ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಇಲ್ಲೇ ಹೆಗ್ಗಡದೇವನಕೋಟೆಯಲ್ಲಿ, ಋಷಿ ವ್ಯಾಲಿಯ ಮಾದರಿ ನೋಡಿಕೊಂಡು. ಆಗ ನಾವೂ ಮೈಸೂರು ಜಿಲ್ಲೆಯವರೇ. ಅದು ಇರೋದು ಮೂರನೇ ತರಗತಿವರೆಗೆ. ಭಿನ್ನರಾಶಿ ಕಾಡೋದು ನಾಲ್ಕು, ಐದರಲ್ಲಿ! ಅಷ್ಟೊತ್ತಿಗೆ ನಲಿ ಮುಗಿದು ಬರೀ ಕಲಿ.

ಅಕ್ಕನ ಆಟಕ್ಕೆ ಎರಡು ಪೀರಿಯಡ್ ಹಿಡಿಯಿತು, ನಿಜ. ಪೋರ್ಷನ್ ಹಿಂದೆ ಬಿತ್ತು ಅಂತ ಬೈಸಿಕೊಂಡಳು, ಅದೂ ನಿಜ. ಖರ್ಚು ಹಳೇ ಕ್ಯಾಲೆಂಡರಿನ ರಟ್ಟು.

ಬಸ್ಸಿನ ಯಜಮಾನರೇ, ಕಾನ್ವೆಂಟಿಗೆ ಹೋಗೋ ನಿಮ್ಮ ಮಗನನ್ನ ಕೂರಿಸಿಕೊಂಡು 1/3 ದೊಡ್ಡದೋ 2/6 ದೊಡ್ಡದೋ ಕೇಳಿ. ಗುಣಿಸದೆ ಹೇಳಬೇಕು.